ಎಣ್ಣೆ ಪೈಪಿನ ಕಾಳು

ನಾಗರಪಂಚಮಿ ಮುಗಿದ ವಾರ ಆ ಕೆಂಪು ಕಾರು ಮತ್ತೆ ನನ್ನ ಗ್ಯಾರೇಜಿಗೆ ಬಂತು. ಹದಿನಾಲ್ಕು ವರ್ಷದ ಮೇಲೆ.

ನಾಸಿಕದ ಔರಂಗಾಬಾದ್ ನಾಕಾದ ಕೂಡುರಸ್ತೆಯಿಂದ ಪಂಚವಟಿ ಕಡೆ ಹೊರಳುವಲ್ಲಿ ನನ್ನದೊಂದು ತಗಡಿನ ಶೆಡ್ಡು. ಅಲ್ಲಿಗೆ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಟರ್ಬೊ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ. ಹಾಗಾಗಿ ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವ ಹಾಗಿರುವ ಜಪಾನಿನ ಕಾರು ಒಂದು ಸಲ ಬಂದರೆ ಮರೆಯುವುದಿಲ್ಲ. ಬಣ್ಣ ಮಾಸಿತ್ತು. ಹೊಸ ಟೈರು ಹಾಕಿದ್ದರು. ಆದರೂ ಅದು ದಿಂಡೋರಿಯ ಯಶವಂತರಾವ್ ಅವರ ಕಾರೇ.

ತಂದವನು ದಿಗಂತ್. ಪಂಚವಟಿಯಲ್ಲಿ ಅವನ ಅಜ್ಜ ತೆರೆದ ಉಡುಪಿ ಹೋಟೆಲಿದೆ. ಮೂವತ್ತು ವರ್ಷ ನಾನು ಅಲ್ಲಿ ಇಡ್ಲಿ ತಿಂದಿದ್ದೇನೆ. ಹುಡುಗ ಹುಟ್ಟಿದ್ದು ಬೆಳೆದಿದ್ದು ಇಲ್ಲೇ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ಹಿಂದಿ ಮರಾಠಿ ನಡುವೆ ನುಗ್ಗುತ್ತವೆ.

"ಅಂಕಲ್, ಆ್ಯಂಬುಲೆನ್ಸ್ ಹಾಗೆ ಕೂಗ್ತದೆ," ಎಂದ. "ರೋಡಲ್ಲಿ ಜನ ಹೆದರಿ ದಾರಿ ಬಿಡ್ತಾರೆ. ಗಾಡಿ ಮಾತ್ರ ಎಕ್‌ದಮ್ ಎತ್ತಿನ ಗಾಡಿ ಮಾರಾಯ್ರೆ."

ಯಶವಂತರಾವ್ ಹೋದ ದೀಪಾವಳಿಯ ಹೊತ್ತಿಗೆ ತೀರಿಕೊಂಡರಂತೆ. ದ್ರಾಕ್ಷಿ ತೋಟದ ಗೋದಾಮಿನಲ್ಲಿ, ಖಾಲಿ ಕ್ರೇಟುಗಳ ನಡುವೆ, ತಾಡಪತ್ರಿ ಹೊದ್ದು ಈ ಕಾರು ನಿಂತಿತ್ತಂತೆ. ಮಕ್ಕಳಿಗೆ ಬೇಡವಾಗಿತ್ತು, ದಿಗಂತ್ ಕೊಂಡ. ಬೇರೆ ಕಡೆ ಬ್ಯಾಟರಿ, ಪೆಟ್ರೋಲ್ ಪಂಪು, ಎಂಜಿನ್ ಆಯಿಲು ಎಲ್ಲ ಬದಲಿಸಿದ ಮೇಲೆ ಎಂಜಿನ್ ಎದ್ದಿತು, ಟರ್ಬೊಗೆ ಯಾರೂ ಕೈ ಹಾಕಿಲ್ಲ ಎಂದ. ಆ ಕಾರು ನನಗೆ ಗೊತ್ತಿದೆ ಎಂದು ನಾನು ಅವನಿಗೆ ಹೇಳಲಿಲ್ಲ. ನಾಳೆ ನೋಡುತ್ತೇನೆ, ಬಿಟ್ಟು ಹೋಗು ಎಂದೆ.

ಅವನು ಹೋದ ಮೇಲೆ ಬಾನೆಟ್ ಎತ್ತಿ ಸುಮ್ಮನೆ ನಿಂತೆ. ಎಂಜಿನ್ನಿನ ಮಗ್ಗುಲಲ್ಲಿ ಟರ್ಬೊ ಇತ್ತು, ಹದಿನಾಲ್ಕು ವರ್ಷದ ಹಿಂದೆ ಪರಮೇಶ್ವರ ಕೂರಿಸಿದ ಹಾಗೆಯೇ.

ಪರಮೇಶ್ವರ ನನ್ನ ಹೆಂಡತಿ ದಾನಮ್ಮನ ತಮ್ಮ. ನಾವು ಇಂಡಿ ತಾಲ್ಲೂಕಿನವರು. ನನ್ನ ಅಪ್ಪ ಅವ್ವ ಇಲ್ಲಿ ಕಟ್ಟಡಗಳಿಗೆ ಗಿಲಾವು ಕಲಸಲು ಬಂದವರು, ಅವರ ಬೆನ್ನಿಗೆ ನಾನೂ ಬಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಒಬ್ಬ ಸರದಾರ್ಜಿ ಮೇಸ್ತ್ರಿಯ ಕೈಕೆಳಗೆ ಟರ್ಬೊ ಕಲಿತೆ. ಪರಮೇಶ್ವರ ಹಾಗಲ್ಲ. ಸಾತಪುರದಲ್ಲಿ ಐಟಿಐ ಮುಗಿಸಿದ. ನನ್ನ ಜೊತೆ ಕೂಡಿಕೊಂಡ ಮೇಲೆ ಗ್ಯಾರೇಜು ಇಬ್ಬರದೂ ಆಯಿತು.

ನನ್ನದು ಬೆರಳಿನ ಲೆಕ್ಕ. ಟರ್ಬೊದೊಳಗೆ ಒಂದು ಶಾಫ್ಟು, ಅದರ ಎರಡು ತುದಿಗೆ ಎರಡು ಪಂಖ. ಸೈಲೆನ್ಸರಿಗೆ ಹೋಗುವ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಎಂಜಿನ್ನಿಗೆ ಗಾಳಿ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು. ಆ ಶಾಫ್ಟು ಹಿತ್ತಾಳೆಯ ಸಣ್ಣ ಬುಶ್ಶಿನೊಳಗೆ ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ತುದಿಯ ನಟ್ಟನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಅಲುಗಿಸಿದರೆ ಬುಶ್ ಎಷ್ಟು ಸವೆದಿದೆ ಎಂದು ನನಗೆ ತಿಳಿಯುತ್ತದೆ. ಪರಮೇಶ್ವರ ಗಡಿಯಾರದಂಥ ಗೇಜು ಹಚ್ಚಿ ಅಳೆಯುತ್ತಿದ್ದ. ಇಬ್ಬರ ಲೆಕ್ಕ ಒಂದೇ ಬಂದರೂ ಬಿಡುತ್ತಿರಲಿಲ್ಲ. "ಮಾಮಾ, ನಿಮ್ಮ ಬೆರಳಿಗೆ ಐಎಸ್ಐ ಮಾರ್ಕ್ ಐತೇನು?" ಎಂದು ಕೇಳಿ ಗಿರಾಕಿಗಳ ಮುಂದೆಯೇ ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಳಗೊಳಗೆ ಅಷ್ಟು ಸೇರುತ್ತಿರಲಿಲ್ಲ, ಈಗ ಹೇಳಿದರೇನು.

ಅವನದು ಇನ್ನೊಂದು ರೂಢಿ. ಬಿಚ್ಚಿದ ಟರ್ಬೊದ ಪ್ರತಿ ತೂತಿಗೂ, ಎಣ್ಣೆ ಪೈಪಿನ ಎರಡು ಬಾಯಿಗೂ ತೊಳೆದ ಅರಿವೆಯ ತುಂಡು ತುರುಕಿ ಇಡುತ್ತಿದ್ದ. ಒಂದು ಮರಳಿನ ಕಾಳು ಒಳಗೆ ಹೋದರೂ ಶಾಫ್ಟಿನ ಕತೆ ಮುಗಿಯಿತು ಎನ್ನುತ್ತಿದ್ದ.

ಅದು ಎರಡು ಸಾವಿರದ ಹನ್ನೊಂದನೆಯ ಇಸವಿಯ ದಸರೆ. ಯಶವಂತರಾವ್ ಅವರ ಈ ಕಾರು ನಮ್ಮಲ್ಲಿತ್ತು. ಟರ್ಬೊ ಹೊಗೆ ಬಿಡುತ್ತಿತ್ತು. ಬುಶ್ಶು, ಸೀಲು ಎಲ್ಲ ಹೊಸದು ಹಾಕಿ, ಕೂಡಿಸಿ, ಬೆಂಚಿನ ಮೇಲೆ ಇಟ್ಟಿದ್ದೆವು. ಕಾರಿಗೆ ಹತ್ತಿಸುವುದೊಂದು ಬಾಕಿ. ಅಷ್ಟರಲ್ಲಿ ಖಂಡೇನವಮಿ ಬಂತು.

ನಮ್ಮ ಕಡೆ ಅವತ್ತು ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆಗೆ ಇಡುತ್ತೇವೆ. ಪಾನಾ, ಹಾತೋಡಿ, ವೈಸು, ಕಂಪ್ರೆಸರು, ಎಲ್ಲ. ವಿಭೂತಿ ಎಳೆದು, ಕುಂಕುಮ ಹಚ್ಚಿ, ಕುಂಕುಮ ಕಲಸಿದ ಅಕ್ಕಿಕಾಳು ಹಾಕಿ ಕೈ ಮುಗಿಯುವುದು. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಕೊಡುವ ತನಕ ಮುಟ್ಟುವುದಿಲ್ಲ. ಟರ್ಬೊ, ಅದರ ಎಣ್ಣೆ ಪೈಪು ಎರಡನ್ನೂ ನಾನೇ ಬಾಳೆಎಲೆಯ ಮೇಲೆ ಇಟ್ಟೆ. ನೋಡಿದರೆ ಎಲ್ಲ ಬಾಯಿಗೂ ಪರಮೇಶ್ವರನ ಬಿಳಿ ಅರಿವೆ. ನನಗೆ ನೋಡಲು ಆಗಲಿಲ್ಲ, ಒಂದೊಂದಾಗಿ ಕಿತ್ತೆ.

"ಪೂಜಿ ಮುಗದ ಮ್ಯಾಲೆ ತಗೀಯೂಣು ಮಾಮಾ," ಎಂದ.

"ಮೂಗಿನಾಗ ಹತ್ತಿ ತುರುಕಿ ದೇವರ ಮುಂದ ಇಡ್ತಾರೇನಲೇ? ಹೆಣ ಐತೇನದು?" ಎಂದೆ ನಾನು.

ದಾನಮ್ಮ ತಾಟು ಹಿಡಿದು ಬಂದಳು, ಎಲ್ಲ ಸಾಮಾನಿಗೆ ಕುಂಕುಮ ಹಚ್ಚಿದಳು, ಮುಷ್ಟಿ ತುಂಬ ಅಕ್ಕಿ ಹಾಕಿದಳು.

ಮರುದಿನ ಮಧ್ಯಾಹ್ನವೇ ಯಶವಂತರಾವ್ ಬಂದು ನಿಂತರು. ದಸರೆಯ ಮುಹೂರ್ತಕ್ಕೆ ಕಾರು ಓಡಿಸಬೇಕು ಎಂದರು. ಪರಮೇಶ್ವರ ಟರ್ಬೊ ಹತ್ತಿಸಲು ಎತ್ತಿಕೊಂಡವನು ಪೈಪಿಗೆ ಕಂಪ್ರೆಸರಿನ ಗಾಳಿ ಹೊಡೆಯಲು ಹೋದ. ಪೂಜೆಯಾದ ಸಾಮಾನಿನ ಕುಂಕುಮವನ್ನು ಹಬ್ಬದ ದಿನವೇ ಹಾರಿಸಬೇಡ, ಮೊದಲೇ ತೊಳೆದು ಇಟ್ಟದ್ದಲ್ಲವೇ, ಹಾಗೇ ಕೂರಿಸು ಎಂದೆ. ಅವನು ಪೈಪನ್ನು ಬೆಳಕಿಗೆ ಹಿಡಿದು ನೋಡಿದ. ನಡುವೆ ಎರಡು ಬಾಗು ಇರುವ ಪೈಪಿನೊಳಗೆ ಏನು ಕಂಡೀತು. ಕೂರಿಸಿದ.

ಹತ್ತು ದಿನ ಕಾರು ಚೆನ್ನಾಗಿ ಓಡಿತು. ಹನ್ನೊಂದನೆಯ ದಿನ ಕಸಾರಾ ಘಾಟಿನಲ್ಲಿ ಚೀರಿಕೊಂಡಿತಂತೆ. ಯಶವಂತರಾವ್ ಸಿಟ್ಟಿನಲ್ಲಿ ಮೆಲ್ಲಗೆ ಹೊಡೆದುಕೊಂಡು ನಮ್ಮ ನಾಕಾಕ್ಕೆ ತಂದು ನಿಲ್ಲಿಸಿದರು. ಸುತ್ತಲಿನ ಗ್ಯಾರೇಜಿನವರೆಲ್ಲ ಸೇರಿದರು. ನಾನು ಗಾಳಿಯ ಪೈಪು ಬಿಚ್ಚಿ ಬೆರಳು ಹಾಕಿದೆ. ಹೊಸ ಬುಶ್ಶಿನೊಳಗಿನ ಶಾಫ್ಟು ಅಲುಗಾಡುವ ಹಲ್ಲಿನ ಹಾಗೆ ಆಡುತ್ತಿತ್ತು. ಎಣ್ಣೆ ಸಿಗದೆ ಹಿತ್ತಾಳೆ ಸುಟ್ಟ ವಾಸನೆ ಬಂತು.

ಎಣ್ಣೆ ಯಾಕೆ ಸಿಗಲಿಲ್ಲ ಎಂದು ಯಶವಂತರಾವ್ ಕೇಳಿದರು. ದಿಂಡೋರಿಯ ಅರ್ಧ ಟ್ರ್ಯಾಕ್ಟರುಗಳು ಅವರ ಮಾತಿನ ಮೇಲೆ ನಮ್ಮಲ್ಲಿಗೆ ಬರುತ್ತಿದ್ದವು. ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಎಣ್ಣೆ ಪೈಪಿನ ಜಾಯಿಂಟಿಗೆ ಗ್ಯಾಸ್ಕೆಟ್ ಪೇಸ್ಟ್ ಹೆಚ್ಚು ಹಚ್ಚಿದರೆ ಅದು ಒಳಗೆ ಹಿಂಡಿಕೊಂಡು ದಾರಿ ಮುಚ್ಚುತ್ತದೆ. ಹೊಸ ಹುಡುಗರು ಮಾಡುವ ತಪ್ಪು ಅದು. ಅದನ್ನೇ ಹೇಳಿದೆ. ಕೂರಿಸಿದ್ದು ನಾನಲ್ಲ, ಇವನು, ಇದು ಇವನ ಕೈಯ ತಪ್ಪು ಎಂದು ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದೆ.

ಪರಮೇಶ್ವರ ನನ್ನ ಮುಖ ನೋಡಿದ. ಆ ಜಾಯಿಂಟಿಗೆ ಅವನು ಬರೀ ತಾಮ್ರದ ವಾಶರ್ ಹಾಕಿದ್ದನಂತೆ, ಪೇಸ್ಟ್ ಮುಟ್ಟಿಸಿಯೇ ಇರಲಿಲ್ಲವಂತೆ.

"ಬಿಚ್ಚಿ ನೋಡೂಣು ಮಾಮಾ," ಎಂದ. "ಬಿಚ್ಚಿದ್ರ ಗೊತ್ತಾಗತೈತಿ."

ಬಿಚ್ಚಲು ಅರ್ಧ ತಾಸು ಸಾಕಿತ್ತು. ಎಂಜಿನ್ ಬಿಸಿ ಇದೆ, ಆಮೇಲೆ ನೋಡೋಣ ಎಂದೆ ನಾನು. ಯಶವಂತರಾವ್ ಆಮೇಲಿನ ತನಕ ನಿಲ್ಲಲಿಲ್ಲ. ನಿಮ್ಮ ಕೈಗೆ ಇನ್ನು ಕೊಡುವುದಿಲ್ಲ ಎಂದು ಕಾರನ್ನು ಎಳೆಸಿಕೊಂಡು ಹೋದರು. ಅದು ಅವರ ಗೋದಾಮು ಸೇರಿ ಅಲ್ಲೇ ಉಳಿಯಿತು. ಆ ಜಾಯಿಂಟಿನ ಬೋಲ್ಟನ್ನು ಆಮೇಲೆ ಯಾರೂ ಬಿಚ್ಚಲಿಲ್ಲ.

ನಾಕಾದಲ್ಲಿ ಪರಮೇಶ್ವರನಿಗೆ 'ಪೇಸ್ಟ್‌ವಾಲಾ' ಎಂದು ಹೆಸರು ಬಿತ್ತು. ಚಹಾ ಅಂಗಡಿಗೆ ಹೋದರೆ ಅರ್ಧ ಕಪ್ ಚಹಾ, ಒಂದು ಟ್ಯೂಬ್ ಪೇಸ್ಟ್ ಎಂದು ಆರ್ಡರ್ ಕೊಟ್ಟು ನಗುತ್ತಿದ್ದರು. ಟರ್ಬೊ ತಂದವರು ನೀನು ಮುಟ್ಟಬೇಡ, ಮೇಸ್ತ್ರಿಯನ್ನು ಕರೆ ಎನ್ನುತ್ತಿದ್ದರು. ನಾನು ಒಂದು ಮಾತು ಆಡಬಹುದಿತ್ತು. ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದುಕೊಂಡು ಸುಮ್ಮನಿದ್ದೆ. ಸಂಕ್ರಾಂತಿಯ ಹೊತ್ತಿಗೆ ಅವನು ತನ್ನ ಗೇಜು, ಪಾನಾಗಳ ಪೆಟ್ಟಿಗೆ ಕಟ್ಟಿಕೊಂಡು ಆಗಿನ ಔರಂಗಾಬಾದಿಗೆ, ಈಗಿನ ಸಂಭಾಜಿನಗರಕ್ಕೆ ಹೋದ.

ಆಮೇಲೆ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ನನ್ನ ಮಗಳ ಮದುವೆಗೆ ಬಂದು, ಮಂಟಪದ ಕೊನೆಯ ಸಾಲಿನಲ್ಲಿ ನಿಂತು, ಊಟ ಮಾಡದೆ ಹೋದ. ದಾನಮ್ಮ ವರ್ಷಕ್ಕೊಮ್ಮೆ ಒಬ್ಬಳೇ ಹೋಗಿ ಬರುತ್ತಾಳೆ. ಆದಿತ್ಯವಾರ ಬೆಳಿಗ್ಗೆ ಅಕ್ಕ ತಮ್ಮ ಫೋನಿನಲ್ಲಿ ಮಾತಾಡುತ್ತಾರೆ. ಆಗ ನಾನು ಹೊರಗೆ ಹೋಗಿ ಕೂರುತ್ತೇನೆ. ಹದಿನಾಲ್ಕು ವರ್ಷ ಹೀಗೇ ನಡೆಯಿತು.

ಆ ಕಾರು ಈಗ ನನ್ನ ಮುಂದಿತ್ತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆ.

ಮೊದಲು ಗಾಳಿಯ ಪೈಪು ತೆಗೆದೆ. ಪಂಖದ ಎಲೆಗಳ ತುದಿ ಸುತ್ತಲಿನ ಕವಚಕ್ಕೆ ಉಜ್ಜಿ ಉಜ್ಜಿ ಮಡಚಿದ್ದವು. ಆ ಕೂಗು ಅದರದೇ. ಶಾಫ್ಟು ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ತಪ್ಪಲ್ಲ, ಹಿಂದೆ ಮುಂದೆ ಆಡಬಾರದು. ಇದು ಎರಡೂ ಕಡೆ ಆಡುತ್ತಿತ್ತು. ಆಮೇಲೆ ಟರ್ಬೊದಿಂದ ಎಣ್ಣೆ ಕೆಳಗಿಳಿಯುವ ಪೈಪನ್ನು ಸಡಿಲಿಸಿ, ಕೆಳಗೆ ಡಬ್ಬಿ ಇಟ್ಟು, ಎಂಜಿನ್ ತಿರುಗಿಸಿದೆ. ಧಾರೆಯಾಗಿ ಬೀಳಬೇಕಾದ ಎಣ್ಣೆ ತೊಟ್ಟು ತೊಟ್ಟಾಗಿ ಬಿತ್ತು. ಬರುವ ದಾರಿಯಲ್ಲೇ ತಡೆ ಇದೆ ಎಂದಾಯಿತು.

ಎಣ್ಣೆ ಬರುವ ಪೈಪು ಟರ್ಬೊಗೆ ಸೇರುವಲ್ಲಿ ಒಂದು ಬೋಲ್ಟಿದೆ. ಅದರೊಳಗೆ ತೂತು, ಆ ತೂತಿನ ಕೊನೆ ಸೂಜಿ ಹೋಗುವಷ್ಟು ಸಣ್ಣದು. ಅದನ್ನು ಬಿಚ್ಚುವ ಮೊದಲು ಕೈ ಒರೆಸಿಕೊಂಡೆ, ಒಮ್ಮೆ ನೀರು ಕುಡಿದೆ. ಬಿಚ್ಚಿದೆ. ಎರಡು ತಾಮ್ರದ ವಾಶರ್ ಕೈಗೆ ಬಂದವು. ಪೇಸ್ಟಿನ ಒಂದು ಗೆರೆಯೂ ಇರಲಿಲ್ಲ.

ಬೋಲ್ಟಿನ ತೂತಿಗೆ ತಂತಿ ಹಾಕಿ ಚುಚ್ಚಿದೆ. ಕಪ್ಪಗಿನದೊಂದು ಕಾಗದದ ಮೇಲೆ ಬಿತ್ತು. ಅಕ್ಕಿಕಾಳಿನ ಉದ್ದ, ಅಕ್ಕಿಕಾಳಿನ ಮೂತಿ, ಕಲ್ಲಿನ ಹಾಗೆ ಗಟ್ಟಿ. ಉಗುರಿನಿಂದ ಒಂದು ಕಡೆ ಕೆರೆದೆ. ಒಳಗೆ ಚೂರು ಬೆಳ್ಳಗೆ ಕಂಡಿತು.

ಆಗ ಎಲ್ಲ ಲೆಕ್ಕಕ್ಕೆ ಬಂತು. ಹಸಿ ಕುಂಕುಮ ಹತ್ತಿದ ಕಾಳು, ಅರಿವೆ ಕಿತ್ತ ಪೈಪಿನೊಳಗೆ ಬಿದ್ದು ಬಾಗಿನಲ್ಲಿ ಅಂಟಿಕೊಂಡಿತ್ತು. ಹತ್ತು ದಿನ ಬಿಸಿ ಎಣ್ಣೆ ಹರಿದು ಸಡಿಲಾಗಿ, ಘಾಟಿನಲ್ಲಿ ಬಂದು ಬೋಲ್ಟಿಗೆ ಕೂತಿತು. ಪರಮೇಶ್ವರ ಗಾಳಿ ಹೊಡೆದಿದ್ದರೆ ಹೊರಗೆ ಹಾರುತ್ತಿತ್ತು. ಅರಿವೆ ಇದ್ದಿದ್ದರೆ ಒಳಗೇ ಹೋಗುತ್ತಿರಲಿಲ್ಲ. ಎರಡನ್ನೂ ಬೇಡ ಎಂದವನು ನಾನು.

ಕಾಳನ್ನು ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಮಧ್ಯಾಹ್ನ ಮನೆಗೆ ಹೋದೆ. ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಹೇಳದೆ ಇರಲು ಆಗಲಿಲ್ಲ. ಅಂಗೈ ಮೇಲೆ ಆ ಕರಿ ಕಾಳನ್ನು ಇಟ್ಟು, ಮೊದಲಿನಿಂದ ಕೊನೆಯ ತನಕ ಹೇಳಿದೆ. ಇಷ್ಟು ವರ್ಷ ಎದೆಯ ಮೇಲೆ ಏನೋ ಕೂತಿತ್ತು, ಹೇಳುತ್ತ ಹೋದ ಹಾಗೆ ಇಳಿಯಿತು. ಅವಳ ಮುಖವನ್ನು ನಾನು ಆಗ ಸರಿಯಾಗಿ ನೋಡಲಿಲ್ಲ.

ಅವಳು ಒಲೆ ಆರಿಸಿದಳು. ಹಂಚಿನ ಮೇಲಿನ ರೊಟ್ಟಿ ಹಾಗೇ ಇತ್ತು.

"ಅಕ್ಕಿ ನಾ ಹಾಕಿದ್ದು," ಎಂದಳು. "ಮಾತು ನೀವು ಹಾಕಿದ್ರಿ. ಇಬ್ಬರೂ ಕೂಡಿ ಅವನ್ನ ಹೊರಗ ಹಾಕಿದ್ವಿ."

ಅರಿವೆ ಕಿತ್ತವನು ನಾನು, ನಿನ್ನದೇನೂ ಇಲ್ಲ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಆ ಆದಿತ್ಯವಾರ ತಮ್ಮನಿಗೆ ಫೋನ್ ಮಾಡಲಿಲ್ಲ. ಅದರ ಮುಂದಿನದೂ ಇಲ್ಲ. ಅವನೇ ಮಾಡಿದರೆ ಎತ್ತಲಿಲ್ಲ, ಹೊರಗೆ ಹೋಗಿದ್ದಾಳೆ ಎಂದು ಹೇಳಲು ಪಕ್ಕದ ಮನೆಯ ಕಮಲಾಬಾಯಿಯ ಕೈಗೆ ಫೋನ್ ಕೊಟ್ಟಳು. ಏನಂತ ಮಾತಾಡಲಿ, ಯಾವ ಬಾಯಿಂದ ಆರಾಮ ಇದ್ದೀಯೇನು ಎಂದು ಕೇಳಲಿ ಎನ್ನುತ್ತಿದ್ದಳು.

ಇತ್ತ ಕಾರಿನ ಕೆಲಸ ನಡೆದಿತ್ತು. ಶಾಫ್ಟು ಸುಟ್ಟು ನೀಲಿಯಾಗಿತ್ತು, ಮತ್ತೆ ಬಳಸುವಂತಿರಲಿಲ್ಲ. ಹೊಸ ಶಾಫ್ಟು, ಪಂಖ, ಬುಶ್ಶು, ಸೀಲು ರಿಂಗುಗಳನ್ನು ದಿಗಂತ್ ಹೊರದೇಶದಿಂದ ತರಿಸಿದ. ಬರಲು ತಿಂಗಳು ಹಿಡಿಯಿತು. ಹೊಸ ಶಾಫ್ಟಿಗೆ ಹೊಸ ಪಂಖ ಹಾಕಿದರೆ ತೂಕ ಸಮ ಮಾಡಿಸಲೇಬೇಕು. ಒಂದು ಕಡೆ ಗುಂಜಿಯಷ್ಟು ಹೆಚ್ಚಿದ್ದರೂ ಲಕ್ಷ ಸುತ್ತಿನಲ್ಲಿ ಬುಶ್ ತಿಂದು ಹಾಕುತ್ತದೆ. ನನಗೆ ಗೊತ್ತಿದ್ದ ಮಶೀನು ಲಾರಿಯ ದೊಡ್ಡ ಟರ್ಬೊಗಳದು. ದಿಗಂತ್ ಫೋನಿನಲ್ಲಿ ಹುಡುಕಿ, ಸಂಭಾಜಿನಗರದ ವಾಳೂಜಿನಲ್ಲಿ ಒಬ್ಬರಿದ್ದಾರೆ, ಎಲ್ಲರೂ ಅವರನ್ನೇ ಹೇಳುತ್ತಾರೆ ಎಂದು ಪರದೆಯನ್ನು ನನಗೆ ತೋರಿಸಿದ. ಪರಮೇಶ್ವರ ಬ್ಯಾಲೆನ್ಸಿಂಗ್ ಎಂದು ಬರೆದಿತ್ತು.

"ಕೊರಿಯರ್ ಮಾಡುವನಾ ಅಂಕಲ್?" ಎಂದ.

ಬೇಡ, ನಾನೇ ಹೋಗುತ್ತೇನೆ ಎಂದೆ.

ದಾನಮ್ಮನಿಗೂ ಬಾ ಎಂದೆ. ಅವಳು ಬರಲಿಲ್ಲ. ನೀವು ಅಂದದ್ದು, ನೀವೇ ಹೋಗಿ ಹೇಳಿ ಬನ್ನಿ ಎಂದಳು. ಶಾಫ್ಟು, ಪಂಖಗಳನ್ನು ಹಳೆಯ ಧೋತರದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬೆಳಗಿನ ಎಸ್ಟಿ ಬಸ್ಸು ಹತ್ತಿದೆ. ಯೇವಲೆ, ವೈಜಾಪುರ ದಾಟುವ ತನಕ ಏನು ಹೇಳಬೇಕು ಎಂದು ಮನಸ್ಸಿನಲ್ಲಿ ಹತ್ತು ಸಲ ಕೂಡಿಸಿದೆ, ಹತ್ತು ಸಲ ಬಿಚ್ಚಿದೆ. ಸ್ಟ್ಯಾಂಡಿನಿಂದ ವಾಳೂಜಿಗೆ ಆಟೋದಲ್ಲಿ ಹೋದೆ.

ಎರಡು ಶಟರಿನ ಅಂಗಡಿ. ಒಳಗೆ ಗಾಜಿನ ಗೂಡಿನಲ್ಲಿ ಮಶೀನು. ನೆಲ ಊಟಕ್ಕೆ ಕೂರಬಹುದಾದಷ್ಟು ಚೊಕ್ಕಟ. ಪರಮೇಶ್ವರನ ತಲೆ ಪೂರ್ತಿ ಬೆಳ್ಳಗಾಗಿತ್ತು, ಮೂಗಿನ ಮೇಲೆ ಕನ್ನಡಕ ಬಂದಿತ್ತು. ನನ್ನನ್ನು ನೋಡಿ ಎದ್ದು ನಿಂತ. ಬರ್ರಿ ಎಂದ. ಮಾಮಾ ಎನ್ನಲಿಲ್ಲ. ಕುರ್ಚಿ ಕೊಟ್ಟ, ನೀರು ತರಿಸಿದ.

ಮೊದಲು ಕೇಳಿದ್ದು ಅಕ್ಕನ ಬಗ್ಗೆ. ಐದು ವಾರ ಆಯಿತು ಫೋನ್ ಎತ್ತಿಲ್ಲ, ಮೈಯಲ್ಲಿ ಆರಾಮಿಲ್ಲವೇನು ಎಂದ. ಆರಾಮಿದ್ದಾಳೆ ಎಂದೆ. ಆಮೇಲೆ ಕಿಸೆಯಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಬಸ್ಸಿನಲ್ಲಿ ಕೂಡಿಸಿದ್ದ ಒಂದು ಮಾತೂ ನೆನಪಿಗೆ ಬರಲಿಲ್ಲ. ಯಶವಂತರಾವ್ ಅವರ ಕಾರು ಬಂದಿದೆ, ಎಣ್ಣೆಯ ಬೋಲ್ಟು ಬಿಚ್ಚಿದೆ, ವಾಶರಿಗೆ ಪೇಸ್ಟ್ ಇರಲಿಲ್ಲ, ಇದಿತ್ತು, ಇಷ್ಟೇ ಹೇಳಿದೆ. ತಪ್ಪು ನನ್ನದು ಪರಮೇಶಿ ಎಂದೆ.

ಅವನು ಕನ್ನಡಕ ಮೇಲೆತ್ತಿ ಕಾಳನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಮುಟ್ಟಲಿಲ್ಲ. ಆಮೇಲೆ ಮೈಮೇಲಿನ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದ, ಗಾಡಿಯ ಕೀಲಿ ಕೈಗೆತ್ತಿಕೊಂಡ.

"ನಡೀರಿ ದಿಂಡೋರಿಗೆ," ಎಂದ. "ಯಾರ ಮುಂದ ಅಂದಿದ್ರಿ, ಅವರ ಮುಂದ ಹೇಳ್ರಿ. ನಾ ಬರ್ತೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಡುವ ಆತುರವೇ ಇತ್ತು. ಹೋದ ದೀಪಾವಳಿಗೆ ಯಶವಂತರಾವ್ ತೀರಿಕೊಂಡರು, ಕಾರನ್ನು ಮಕ್ಕಳು ಮಾರಿದರು ಎಂದು ಹೇಳಿದೆ.

ಕೀಲಿಯನ್ನು ಮೇಜಿನ ಮೇಲೆ ಇಟ್ಟ. ಕುರ್ಚಿಯಲ್ಲಿ ಕೂತ. ಹೊರಗೆ ಕಂಪನಿಯ ಶಿಫ್ಟು ಬಿಟ್ಟು ಜನ ಸೈಕಲ್ಲು ಮೋಟರುಗಳಲ್ಲಿ ಹೋಗುತ್ತಿದ್ದರು, ಅವರೆಲ್ಲ ದಾಟಿ ಹೋಗುವ ತನಕ ಹಾಗೇ ಕೂತಿದ್ದ. ನಾಕಾದವರು ಇದ್ದಾರೆ, ಅವರ ಮುಂದೆ ಹೇಳುತ್ತೇನೆ ಎಂದೆ. ಆಗಿನವರಲ್ಲಿ ಇಬ್ಬರು ಉಳಿದಿದ್ದಾರೆ, ಅವರಿಗೆ ಆ ಮಾತು ನೆನಪಿದೆಯೋ ಇಲ್ಲವೋ.

ಆಮೇಲೆ ಕೇಳಿದ. "ಅಕ್ಕಗ ಹೇಳೀರೇನು?"

"ಹೇಳೀನಿ."

"ಅಕ್ಕಿ ಅಂತ ಹೇಳೀರೇನು?"

ಹೌದೆಂದೆ. ಅವನು ಕಣ್ಣು ಮುಚ್ಚಿ ತೆರೆದ. ಅವತ್ತು ಪೈಪು ಎತ್ತಿಕೊಂಡಾಗ ಬಾಳೆಎಲೆಯ ಮೇಲೆ, ಪೈಪಿನ ಬಾಯಿಯ ಹತ್ತಿರವೇ, ಅಕ್ಕಿ ಬಿದ್ದದ್ದನ್ನು ಅವನು ನೋಡಿದ್ದನಂತೆ. ಕಾರು ಚೀರಿದ ದಿನವೇ ಅನುಮಾನ ಬಂದಿತ್ತಂತೆ. ಬಿಚ್ಚೋಣ ಎಂದದ್ದು ಅದಕ್ಕೇ. ಬಿಚ್ಚಿ, ಯಾರಿಗೂ ತೋರಿಸದೆ ತೆಗೆದು ಹಾಕಿ, ಕಸ ಸಿಕ್ಕಿತ್ತು ಎಂದು ಹೇಳಿ ಮುಗಿಸುವ ಮನಸ್ಸಿತ್ತಂತೆ. ಆಮೇಲೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ಹೇಳಿದ್ರ ತಪ್ಪು ಅಕ್ಕನ ಕೈಗೆ ಹತ್ತತಿತ್ತು," ಎಂದ. "ಹದಿನಾಕ ವರ್ಷ ನಾ ಒಬ್ಬನ ಹೊತ್ತೀನಿ. ನಿಮಗ ಒಂದು ಮಧ್ಯಾನಾ ಒಬ್ರ ಹೊರಲಿಕ್ಕ ಆಗಲಿಲ್ಲ."

ಅಂಗೈ ಮೇಲೆ ಕಾಳು ಇಟ್ಟುಕೊಂಡು ಮನೆಗೆ ಓಡಿದ್ದು ಅವಳಿಗೆ ತಿಳಿಯಲಿ ಎಂದಲ್ಲ, ನನಗೆ ಹಗುರಾಗಲಿ ಎಂದು. ಅವತ್ತು ಯಶವಂತರಾವ್ ಅವರ ಮುಂದೆ ಮಾಡಿದ್ದೂ ಅದೇ. ನನ್ನ ಭಾರವನ್ನು ಹತ್ತಿರ ನಿಂತವರ ಹೆಗಲಿಗೆ ದಾಟಿಸಿದ್ದೆ, ಎರಡನೆಯ ಸಲವೂ.

ಅವನು ಶಾಫ್ಟನ್ನು ತೆಗೆದುಕೊಂಡು ಮಶೀನಿಗೆ ಹಚ್ಚಿದ. ಪರದೆಯ ಮೇಲೆ ಅಂಕಿ ಓಡಿದವು. ನಿಲ್ಲಿಸಿ, ಪಂಖದ ಬೆನ್ನಿನಲ್ಲಿ ಒಂದು ಕಡೆ ಚೂರು ಉಜ್ಜಿ, ಮತ್ತೆ ಓಡಿಸಿದ. ಮೂರು ಸಲ ಹಾಗೆ. ಶಾಫ್ಟು, ಪಂಖ, ನಟ್ಟು ಮೂರರ ಮೇಲೂ ಒಂದೇ ಸಾಲಿನಲ್ಲಿ ಗೆರೆ ಎಳೆದು, ಬಿಚ್ಚಿ ಕೂಡಿಸುವಾಗ ಈ ಗೆರೆ ಒಂದೇ ಸಾಲಿಗೆ ಬರಬೇಕು ಎಂದು ಹೊಸ ಗಿರಾಕಿಗೆ ಹೇಳುವ ಹಾಗೆ ಹೇಳಿದ. ನಾನು ಹೂಂ ಎಂದೆ. ಟರ್ಬೊ ಕೂಡಿಸುವ ಕೆಲಸ ಈಗ ಮಾಡುವುದಿಲ್ಲವೇ ಎಂದು ಕೇಳಿದೆ. ನಾಸಿಕ ಬಿಟ್ಟ ಮೇಲೆ ಮಾಡಿಲ್ಲ ಎಂದ. ಇಲ್ಲಿ ಸರಿಯೋ ತಪ್ಪೋ ಮಶೀನೇ ಹೇಳುತ್ತದೆ, ಮಂದಿ ಹೇಳಬೇಕಾಗಿಲ್ಲ ಎಂದ.

ಮೇಜಿನ ಮೇಲಿನ ಕಾಗದವನ್ನು ಮಡಚಿ ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. ಕೊಡು ಎಂದು ನಾನು ಕೇಳಲಿಲ್ಲ. ಹೊರಡುವಾಗ ಒಮ್ಮೆ ಮನೆಗೆ ಬಾ ಎಂದೆ. ನೋಡೂಣ್ರಿ ಎಂದ. ಬರುವುದಿಲ್ಲ ಎಂದು ಇಬ್ಬರಿಗೂ ತಿಳಿಯಿತು.

ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ದಾನಮ್ಮ ಬಾಗಿಲಲ್ಲೇ ಕೂತಿದ್ದಳು. ಏನಂದ ಎಂದು ಕೇಳಲಿಲ್ಲ. ನನ್ನ ಕೈಯ ಚೀಲ ತೆಗೆದುಕೊಂಡು, ನನ್ನ ಬಗ್ಗೆ ಏನಾದರೂ ಅಂದನೇನು ಎಂದು ಕೇಳಿದಳು. ಹಾಗೆ ಕೇಳುವಾಗ ಅವಳು ನೆಲ ನೋಡುತ್ತಿದ್ದಳು. ಲಗ್ನವಾಗಿ ನಲವತ್ತೆರಡು ವರ್ಷ, ನನ್ನ ಜೊತೆ ನೆಲ ನೋಡಿ ಮಾತಾಡಿದವಳಲ್ಲ.

"ಅದು ಅಕ್ಕಿ ಅಲ್ಲ," ಎಂದೆ. "ಎಣ್ಣಿ ಸುಟ್ಟ ಕಿಟ್ಟ."

ಅವಳು ತಲೆ ಎತ್ತಿದಳು. ಹಳೆಯ ಪೈಪಿನೊಳಗೆ ಎಣ್ಣೆ ಸುಟ್ಟು ಗಟ್ಟಿಯಾದದ್ದು ಚಕ್ಕೆ ಎದ್ದು ಬಂದು ಕೂತಿದೆ, ನಾನು ದುಡುಕಿ ಅಕ್ಕಿ ಅಂದೆ, ಪರಮೇಶಿ ನೋಡಿದ ಕೂಡಲೆ ಹೇಳಿದ, ಅವತ್ತು ಟರ್ಬೊ ಜೊತೆಗೆ ಪೈಪನ್ನೂ ಹೊಸದು ಹಾಕಿಸಬೇಕಿತ್ತು, ಹಳೆಯದೇ ಸಾಕು ಎಂದವನು ನಾನು, ತಪ್ಪು ನನ್ನೊಬ್ಬನದೇ ಎಂದೆ. ಇಷ್ಟು ಉದ್ದ ಸುಳ್ಳನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಒಳಗೆ ಬೆಳ್ಳಗಿತ್ತಲ್ಲ ಎಂದಳು. ಸುಟ್ಟ ಬೂದಿ ಎಂದೆ. ಅವಳು ನನ್ನ ಮುಖವನ್ನು ಓದುತ್ತ ನಿಂತಳು. ಆಮೇಲೆ ಒಳಗೆ ಹೋಗಿ ಫೋನ್ ತಂದಳು. ಕಿವಿ ಸ್ವಲ್ಪ ಮಂದವಾದ್ದರಿಂದ ಅವಳು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಎದ್ದು ಹೊರಗೆ ಹೋಗುವ ರೂಢಿ ನನಗೆ. ಅವತ್ತು ಹೋಗಲಿಲ್ಲ. ಅವನಿಗೆ ನಾನು ಏನೂ ಹೇಳಿಟ್ಟು ಬಂದಿರಲಿಲ್ಲ.

"ಪರಮೂ," ಎಂದಳು. "ಅದು ಅಕ್ಕಿ ಅಲ್ಲಂತ, ಕಿಟ್ಟ ಅಂತ. ನೀನ ಅಂದಿಯಂತ. ಖರೇನಪಾ?"

ಆ ಕಡೆ ಒಂದು ಲಾರಿ ಹಾರ್ನ್ ಹೊಡೆದದ್ದು ಮಾತ್ರ ಕೇಳಿತು. ದಾನಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಹೌದಕ್ಕ," ಎಂದ ಪರಮೇಶ್ವರ. "ನಾ ನೋಡೀನಿ. ಕಿಟ್ಟನ."

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ನಿಮ್ಮ ಮಾಮಾ ಇಲ್ಲೇ ಇದ್ದಾರೆ, ಕೊಡಲೇನು ಎಂದು ಕೇಳಿದಳು.

"ಬ್ಯಾಡ," ಎಂದ.

ಆಮೇಲೆ ಅವನ ಮೊಣಕಾಲು ನೋವಿನ ಮಾತು ಬಂತು, ಅವನ ಮಗಳ ಬಾಣಂತನದ ಮಾತು ಬಂತು, ಊರಲ್ಲಿ ಯಾರೋ ಹೊಲ ಮಾರಿದ ಮಾತು ಬಂತು. ಐದು ವಾರದ ಮಾತು ಬಾಕಿ ಇತ್ತು. ದಾನಮ್ಮ ಒಂದು ಸಲ ನಕ್ಕಳು ಕೂಡ. ನಾನು ಅಲ್ಲೇ ಗೋಡೆಗೆ ಆನಿಸಿ ಕೂತು ಕೊನೆಯ ತನಕ ಕೇಳಿದೆ. ನನ್ನ ಸುದ್ದಿ ಮತ್ತೆ ಬರಲಿಲ್ಲ.